ಎಎಫ್‌ಪಿ ಮಾಡಿಸೋಣೇನ್ರಿ?

“ಲಿವರ್ ಕ್ಯಾನ್ಸರ್ ಐತೋ ಇಲ್ಲೋ ಅನ್ನೂದು ರಕ್ತದಾಗ ಗೊತ್ತಾಗತೈತೇನ್ರಿ?” ಈಚೆಗೆ ನನಗೆ ಬರುವ ಪತ್ರ, ಫೋನು, ವಾಟ್ಸಾಪ್ ಸಂದೇಶಗಳಲ್ಲಿ ಈ ಪ್ರಶ್ನೆ ಸಕ್ಕರೆ ಕಾಯಿಲೆಯ ಪ್ರಶ್ನೆಗಳನ್ನೂ ಹಿಂದಿಕ್ಕಿದೆ. ಕೇಳುವವರಲ್ಲಿ ನಲವತ್ತು ದಾಟಿದ ಗಂಡಸರೇ ಹೆಚ್ಚು. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದವರು, ನಿವೃತ್ತ ಮಾಸ್ತರರು, ವಿಜಯಪುರದ ಅಡತ ಅಂಗಡಿಯವರು. ಮಮದಾಪುರದ ಬೆಳೆಗಾರರೊಬ್ಬರು ಪ್ರಶ್ನೆಯ ಜೊತೆಗೆ ರಿಪೋರ್ಟನ್ನೇ ಕಳಿಸಿದ್ದರು. ಊರಿಗೆ ಬಂದ ಶಿಬಿರವೊಂದರಲ್ಲಿ ‘ಫುಲ್ ಬಾಡಿ’ ಪ್ಯಾಕೇಜು ಮಾಡಿಸಿದ್ದಾರೆ. ಹಲವು ಪುಟಗಳ ವರದಿ, ಅದರ ಕೊನೆಯಲ್ಲಿ ‘ಕ್ಯಾನ್ಸರ್ ಮಾರ್ಕರ್’ ಎಂಬ ತಲೆಬರಹ, ಅದರಡಿ ಎಎಫ್‌ಪಿ 11, ಮುಂದೆ ದಪ್ಪಕ್ಷರದಲ್ಲಿ ‘ಎಚ್’. ಇರಬೇಕಾದದ್ದು 8ರ ಒಳಗೆ ಎಂದು ಪಕ್ಕದಲ್ಲೇ ಮುದ್ರಿಸಿದೆ. ಆ ಒಂದು ಅಕ್ಷರ ನೋಡಿದಂದಿನಿಂದ ಅವರಿಗೆ ಊಟ ಸೇರುತ್ತಿಲ್ಲ, ಮನೆಯವರಿಗೆ ನಿದ್ದೆ ಇಲ್ಲ.

ಇಂಥ ‘ಎಚ್’ಗಳಿಗೆ ದಿನಬೆಳಗಾದರೆ ಸಹಿ ಹಾಕುವವನು ನಾನು. ಪ್ರಯೋಗಾಲಯದ ಯಂತ್ರಕ್ಕೆ ಗೊತ್ತಿರುವುದು ಸಂಖ್ಯೆ ಗೆರೆ ದಾಟಿತೋ ಇಲ್ಲವೋ ಎಂಬುದಷ್ಟೇ. ಆ ರಕ್ತ ಬಸುರಿ ಹೆಂಗಸಿನದೋ, ಇಪ್ಪತ್ತು ವರ್ಷ ಕುಡಿದವನದೋ, ತಾಯಿಯಿಂದ ಹೆಪಟೈಟಿಸ್ ಬಿ ಪಡೆದು ಹುಟ್ಟಿದವನದೋ, ಯಂತ್ರ ಕೇಳುವುದಿಲ್ಲ. ಲಿವರ್ ಕ್ಯಾನ್ಸರಿನ ವಿಷಯದಲ್ಲಿ ಸಂಖ್ಯೆಗಿಂತ ಮೊದಲು ಕೇಳಬೇಕಾದದ್ದು ಅದನ್ನೇ. ಈ ವಾರದ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದೂ ಅಷ್ಟೇ. ಉಳಿದದ್ದು ಅದಕ್ಕೆ ಕಾರಣ.

ಎಎಫ್‌ಪಿ ಎಂದರೆ ಆಲ್ಫಾ ಫೀಟೋಪ್ರೋಟೀನ್. ಗರ್ಭದಲ್ಲಿರುವ ಕೂಸಿನ ಲಿವರು ತಯಾರಿಸುವ ಪ್ರೋಟೀನು ಇದು. ಕೂಸು ಹುಟ್ಟಿದ ಮೇಲೆ ಲಿವರು ಆ ಕೆಲಸವನ್ನು ಬಿಡುತ್ತ ಬರುತ್ತದೆ. ವರ್ಷ, ಒಂದೂವರೆ ವರ್ಷದೊಳಗೆ ರಕ್ತದಲ್ಲಿ ಹೆಸರಿಗಷ್ಟೇ ಉಳಿಯುತ್ತದೆ. ದೊಡ್ಡವರ ರಕ್ತದಲ್ಲಿ ಅದು ಮತ್ತೆ ಕಾಣಿಸಿಕೊಂಡರೆ ಯಾವುದೋ ಜೀವಕೋಶ ತನ್ನ ವಯಸ್ಸನ್ನು ಮರೆತಿದೆ ಎಂದು ಅರ್ಥ. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ಮತ್ತು ಸಂಗಡಿಗರು ಲಿವರ್ ಗಡ್ಡೆಯಿದ್ದ ಇಲಿಗಳಲ್ಲಿ ಇದನ್ನು ಕಂಡರು. ಮರುವರ್ಷವೇ ರಷ್ಯಾದವರೇ ಆದ ಯೂರಿ ತಾತಾರಿನೊವ್ ಲಿವರ್ ಕ್ಯಾನ್ಸರ್ ಇದ್ದ ರೋಗಿಯ ರಕ್ತದಲ್ಲಿ ಪತ್ತೆ ಮಾಡಿದರು. ರಕ್ತದಿಂದ ಕ್ಯಾನ್ಸರ್ ಹಿಡಿಯಬಹುದು ಎಂಬ ಆಸೆಗೆ ಆಗ ರೆಕ್ಕೆ ಬಂತು. ಅರವತ್ತು ವರ್ಷ ಕಳೆದರೂ ನಮ್ಮ ಲ್ಯಾಬುಗಳಲ್ಲಿ ಲಿವರ್ ಕ್ಯಾನ್ಸರಿಗೆಂದು ಅತಿ ಹೆಚ್ಚು ಮಾಡುವ ಪರೀಕ್ಷೆ ಇದೇ. ಗುಣ ಎಷ್ಟಿದೆಯೋ ದೋಷವೂ ಅಷ್ಟೇ ಇದೆ ಎಂದು ಗೊತ್ತಿದ್ದೂ ಮಾಡುತ್ತೇವೆ.

ದೋಷ ಎರಡು ಬಗೆ. ಲಿವರಿನಲ್ಲಿ ಉರಿಯೂತವಿದ್ದರೆ, ಹೆಪಟೈಟಿಸ್ ಕೆರಳಿದರೆ, ಸತ್ತ ಕೋಶಗಳ ಜಾಗದಲ್ಲಿ ಹೊಸ ಕೋಶ ಹುಟ್ಟುವ ಗಡಿಬಿಡಿಯಲ್ಲಿ ಎಎಫ್‌ಪಿ ಏರುತ್ತದೆ. ಅಲ್ಲಿ ಕ್ಯಾನ್ಸರ್ ಇರಬೇಕೆಂದೇನೂ ಇಲ್ಲ. ಗರ್ಭಿಣಿಯರಲ್ಲಿ ಏರುವುದು ಸಹಜವೇ, ಕೂಸಿನದು ತಾಯಿಯ ರಕ್ತಕ್ಕೆ ಇಳಿಯುತ್ತದೆ. ವೃಷಣ, ಅಂಡಾಶಯಗಳ ಕೆಲವು ಗಡ್ಡೆಗಳಲ್ಲೂ ಏರುತ್ತದೆ. ಇನ್ನೊಂದು ಬಗೆಯ ದೋಷ ಇದಕ್ಕಿಂತ ಕೆಟ್ಟದ್ದು. ಲಿವರಿನಲ್ಲಿ ಗಡ್ಡೆ ನಿಜವಾಗಿ ಬೆಳೆಯುತ್ತಿದ್ದರೂ, ಅದು ಚಿಕ್ಕದಿರುವಾಗ, ಅಂದರೆ ವಾಸಿ ಮಾಡಬಹುದಾದ ಹೊತ್ತಿನಲ್ಲೇ, ಮೂವರಲ್ಲಿ ಒಬ್ಬರಿಗಾದರೂ ಎಎಫ್‌ಪಿ ಏರಿರುವುದೇ ಇಲ್ಲ. ಓಣಿಯ ನಾಯಿ ಕಳ್ಳ ಬಂದರೂ ಬೊಗಳುತ್ತದೆ, ಬೀಗರು ಬಂದರೂ ಬೊಗಳುತ್ತದೆ, ಕೆಲವೊಮ್ಮೆ ಕಳ್ಳ ಬಂದಾಗಲೇ ಮಲಗಿರುತ್ತದೆ. ಹಾಗೆಂದು ಯಾರೂ ನಾಯಿಯನ್ನು ಊರಾಚೆ ಬಿಟ್ಟು ಬರುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ಸಂಖ್ಯೆಗಳು ಲೆಕ್ಕದ ಅನುಕೂಲಕ್ಕೆ ನಾನು ಇಟ್ಟುಕೊಂಡವು, ಆದರೆ ವಾಸ್ತವದಿಂದ ಬಹಳ ದೂರದವಲ್ಲ. ಯಾವ ಲಿವರ್ ತೊಂದರೆಯೂ ಇಲ್ಲದ ಹತ್ತು ಸಾವಿರ ಜನರನ್ನು ಶಿಬಿರಕ್ಕೆ ಕರೆತಂದು ಎಎಫ್‌ಪಿ ಮಾಡಿದೆವೆನ್ನಿ. ಅವರಲ್ಲಿ ಒಬ್ಬರಿಗೆ ಲಿವರ್ ಕ್ಯಾನ್ಸರ್ ಇದೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಪರೀಕ್ಷೆ ನೂರಕ್ಕೆ ಒಬ್ಬರಲ್ಲಿ ಮಾತ್ರ ಸುಳ್ಳು ಹೇಳಿದರೂ ನೂರು ಜನರ ರಿಪೋರ್ಟಿನಲ್ಲಿ ‘ಎಚ್’ ಬೀಳುತ್ತದೆ. ಆ ಒಬ್ಬ ನಿಜವಾದ ರೋಗಿಯೂ ಅದರಲ್ಲಿ ಸಿಕ್ಕಾನೋ ಇಲ್ಲವೋ ಖಾತ್ರಿಯಿಲ್ಲ. ನೂರು ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. ನೂರು ಜನ ಸೋನೋಗ್ರಫಿ, ಸಿಟಿ ಸ್ಕ್ಯಾನ್ ಎಂದು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಮೀರಜಿಗೋ ಓಡುತ್ತಾರೆ. ಇನ್ನೊಂದು ಕಡೆ, ಲಿವರು ಗಟ್ಟಿಯಾಗಿ ಗಂಟುಗಂಟಾದ, ಅಂದರೆ ಸಿರೋಸಿಸ್ ಆದ ನೂರೇ ಜನರನ್ನು ತೆಗೆದುಕೊಳ್ಳಿ. ಅವರಲ್ಲಿ ವರ್ಷಕ್ಕೆ ಇಬ್ಬರು ಮೂವರಿಗೆ ಕ್ಯಾನ್ಸರ್ ಹುಟ್ಟಬಹುದು. ಇವರಲ್ಲಿ ಸುಳ್ಳು ಗಂಟೆ ಹೆಚ್ಚು, ಹತ್ತು ಜನರಿಗೆ ಸುಮ್ಮನೆ ‘ಎಚ್’ ಬಿತ್ತೆನ್ನಿ. ಆದರೂ ‘ಎಚ್’ ಬಿದ್ದ ಹನ್ನೆರಡು ಜನರಲ್ಲಿ ಇಬ್ಬರು ನಿಜವಾದ ರೋಗಿಗಳು. ಹನ್ನೆರಡು ಜನರನ್ನು ಸ್ಕ್ಯಾನ್ ಮಾಡಿ ಇಬ್ಬರ ಜೀವ ಉಳಿಸಲು ನೋಡುವುದು ವೈದ್ಯಕೀಯ. ನೂರು ಜನರನ್ನು ಹೆದರಿಸಿ ಒಬ್ಬನನ್ನು ಹಿಡಿಯಲೂಬಹುದು, ಬಿಡಲೂಬಹುದು ಎನ್ನುವುದು ವ್ಯಾಪಾರ. ಎರಡೂ ಕಡೆ ಪರೀಕ್ಷೆ ಅದೇ, ಯಂತ್ರ ಅದೇ, ಸಹಿ ಹಾಕುವವನೂ ನಾನೇ.

ಮಮದಾಪುರದ ಆ ಹಿರಿಯರಿಗೆ ನಾನು ಹೇಳಿದ್ದು, ಕೊನೆಯ ಪುಟ ಬಿಡಿ, ಮೊದಲ ಪುಟ ಓದೋಣ ಎಂದು. ಅಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಎಂಟರ ಮೇಲಿತ್ತು. ಲಿವರಿನ ಕಿಣ್ವ ಎಸ್‌ಜಿಪಿಟಿ ಏರಿತ್ತು. ತೂಕ ಹೆಚ್ಚಿತ್ತು. ಅದಕ್ಕೆಲ್ಲ ಯಾರೂ ಹೆದರಿರಲಿಲ್ಲ, ಅವರೂ ಸಹ. ಹೆಪಟೈಟಿಸ್ ಬಿ, ಸಿ ಪರೀಕ್ಷೆಗಳು ಆ ದುಬಾರಿ ಪ್ಯಾಕೇಜಿನಲ್ಲಿ ಇರಲೇ ಇಲ್ಲ. ಮಾಡಿಸಿದರು, ಎರಡೂ ಇಲ್ಲ ಎಂದು ಬಂತು. ಸೋನೋಗ್ರಫಿಯಲ್ಲಿ ಕಂಡದ್ದು ಕೊಬ್ಬು ತುಂಬಿದ ಲಿವರು, ಗಡ್ಡೆ ಅಲ್ಲ. ಕೆಲವು ವಾರ ಬಿಟ್ಟು ಮತ್ತೆ ನೋಡಿದಾಗ ಎಎಫ್‌ಪಿ ತಾನಾಗಿ ಗೆರೆಯೊಳಗೆ ಇಳಿದಿತ್ತು. ನಿಜವಾದ ಗಡ್ಡೆಯಿಂದ ಬರುವ ಎಎಫ್‌ಪಿ ಸಾಮಾನ್ಯವಾಗಿ ಹೀಗೆ ಇಳಿಯುವುದಿಲ್ಲ, ತಿಂಗಳಿಂದ ತಿಂಗಳಿಗೆ ಏರುತ್ತ ಹೋಗುತ್ತದೆ. ಆದ್ದರಿಂದ ಒಂದು ಸಂಖ್ಯೆಗಿಂತ ಸಂಖ್ಯೆಗಳ ಸಾಲು ಹೆಚ್ಚು ಮಾತಾಡುತ್ತದೆ. ಅವರಿಗೆ ಬೇಕಿದ್ದದ್ದು ಕ್ಯಾನ್ಸರ್ ಡಾಕ್ಟರರಲ್ಲ, ಸಕ್ಕರೆ ಹತೋಟಿ ಮತ್ತು ನಡಿಗೆ.

ಈ ಕೊಬ್ಬಿನ ಲಿವರು ನಮ್ಮ ಭಾಗಕ್ಕೆ ತಕ್ಕಮಟ್ಟಿಗೆ ಹೊಸದು. ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಗೆ ಈಗ ಕೃಷ್ಣೆಯ ನೀರು ಬರುತ್ತದೆ. ಎರೆಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬಿ ನೆಚ್ಚಿಕೊಂಡಿದ್ದವರು ಕಬ್ಬು, ದ್ರಾಕ್ಷಿ ಬೆಳೆಯುತ್ತಾರೆ. ಬರ ಕಂಡವರಿಗೆ ಇದು ಪುಣ್ಯವೇ. ಜೊತೆಗೆ ಹೊಲಕ್ಕೆ ನಡೆದು ಹೋಗುವವರು ಕಡಿಮೆಯಾದರು, ಹೊಟ್ಟೆ ಮುಂದೆ ಬಂತು, ಸಕ್ಕರೆ ಬಂತು. ಇನ್ನು ಕುಡಿತ. ನಮ್ಮ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಶೆಡ್ಡಿನಲ್ಲಿ ಒಣಗಿ ಮಣೂಕ ಆಗುತ್ತದೆ, ಲಿವರಿಗೆ ಕಂಟಕ ಬರುವುದು ಬೇರೆ ಬಾಟಲಿಯಿಂದ. ಕೊಬ್ಬು, ಸಕ್ಕರೆ, ಕುಡಿತ ಮೂರೂ ಒಂದೇ ಮೈಯಲ್ಲಿ ಕೂಡಿದರೆ ಸಿರೋಸಿಸ್ಸಿನ ದಾರಿ ಹತ್ತಿರವಾಗುತ್ತದೆ. ಲಿವರ್ ಕ್ಯಾನ್ಸರ್ ಬಹಳ ಸಲ ಈ ಗಟ್ಟಿಯಾದ ಲಿವರಿನಲ್ಲೇ ಹುಟ್ಟುತ್ತದೆ.

ಆದರೆ ಹಳೆಯ ವೈರಿ ಇನ್ನೂ ಹೋಗಿಲ್ಲ. ನಮ್ಮಲ್ಲಿ ಕಣ್ಣು ಹಳದಿಯಾದರೆ ಕಾಮಣಿ ಎನ್ನುತ್ತೇವೆ, ಎಲೆರಸ ಕುಡಿಸುವವರ ಹತ್ತಿರ ಓಡುತ್ತೇವೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ತಾವಾಗಿಯೇ ವಾಸಿಯಾಗುತ್ತವೆ, ಹೆಸರು ಎಲೆರಸಕ್ಕೆ ಬರುತ್ತದೆ. ಜನ ಬಿಳಿ ಕಾಮಣಿ ಎಂದು ಕರೆಯುವ ಹೆಪಟೈಟಿಸ್ ಬಿ ಬೇರೆ ಜಾತಿಯದು. ಅದು ಕಣ್ಣು ಹಳದಿ ಮಾಡದೆ, ಜ್ವರ ತಾರದೆ, ಇಪ್ಪತ್ತು ಮೂವತ್ತು ವರ್ಷ ಲಿವರಿನಲ್ಲಿ ಬಿಡಾರ ಹೂಡುತ್ತದೆ. ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ, ಒಂದೇ ಸೂಜಿಯಿಂದ ಹಲವರಿಗೆ, ಬ್ಲೇಡಿನಿಂದ, ದೇಹಸಂಪರ್ಕದಿಂದ ಹರಡುತ್ತದೆ. ಇಂಜೆಕ್ಷನ್ ಇಲ್ಲದೆ ಜ್ವರ ಇಳಿಯದು ಎಂದು ನಂಬಿದ ನಮ್ಮ ಹಳ್ಳಿಗಳಿಗೆ ಆ ಎರಡನೆಯ ದಾರಿ ದೊಡ್ಡದು. ಸಿರೋಸಿಸ್ ಆಗದೆಯೂ ನೇರವಾಗಿ ಕ್ಯಾನ್ಸರ್ ತರಬಲ್ಲ ಶಕ್ತಿ ಈ ವೈರಸ್ಸಿಗಿದೆ. ತನ್ನ ವಂಶವಾಹಿಯನ್ನು ಅದು ನಮ್ಮ ಲಿವರ್ ಕೋಶದ ವಂಶವಾಹಿಯೊಳಗೇ ಹೊಲಿದುಬಿಡುತ್ತದೆ. ದೇಶದ ನಾಲ್ಕನೆಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಂಗ್ರಹಿಸಿದ ರಕ್ತ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 0.95ರಷ್ಟು ಜನರಲ್ಲಿ ಹೆಪಟೈಟಿಸ್ ಬಿ ಇತ್ತು, ಶೇ. 0.32ರಷ್ಟು ಜನರಲ್ಲಿ ಹೆಪಟೈಟಿಸ್ ಸಿ ಸೋಂಕಿನ ಗುರುತಿತ್ತು. ನೂರಕ್ಕೆ ಒಬ್ಬರು ಎಂದರೆ ಸಣ್ಣದಾಗಿ ಕೇಳಿಸುತ್ತದೆ. ತುಂಬಿದ ಎರಡು ಬಸ್ಸುಗಳಲ್ಲಿ ಒಬ್ಬರು, ಮತ್ತು ಬಹಳ ಸಲ ಆ ಒಬ್ಬರಿಗೇ ಅದು ಗೊತ್ತಿರುವುದಿಲ್ಲ.

ಅದಕ್ಕೇ ನನ್ನನ್ನು ಕೇಳಿದರೆ ನಮ್ಮ ಸೀಮೆಯಲ್ಲಿ ಲಿವರ್ ಕ್ಯಾನ್ಸರಿನ ಮೊದಲ ರಕ್ತಗುರುತು ಎಎಫ್‌ಪಿ ಅಲ್ಲ, ಎಚ್‌ಬಿಎಸ್‌ಎಜಿ. ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಅಂಶ ಅದು. ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1960ರ ದಶಕದಲ್ಲಿ, ಆ ಕೆಲಸಕ್ಕೆ ನೊಬೆಲ್ ಬಂದದ್ದು 1976ರಲ್ಲಿ. ಬೆರಳು ಚುಚ್ಚಿ ಪಟ್ಟಿಯ ಮೇಲೆ ಹನಿ ಹಾಕಿದರೆ ಅರ್ಧ ತಾಸಿನೊಳಗೆ ಉತ್ತರ. ಗೊತ್ತಾದರೆ ಮಾಡುವುದಕ್ಕೆ ಕೆಲಸವಿದೆ, ಬಿ ವೈರಸ್ಸನ್ನು ಟೆನೊಫೊವಿರ್, ಎಂಟೆಕಾವಿರ್ ಗುಳಿಗೆಗಳು ಅದುಮಿಡುತ್ತವೆ, ಕ್ಯಾನ್ಸರಿನ ಅಪಾಯವನ್ನು ತಗ್ಗಿಸುತ್ತವೆ. ಸಿ ವೈರಸ್ಸನ್ನಂತೂ ಹನ್ನೆರಡು ವಾರದ ಗುಳಿಗೆಯಿಂದ ನೂರಕ್ಕೆ ತೊಂಬತ್ತೈದು ಜನರಲ್ಲಿ ಪೂರ್ತಿ ತೊಲಗಿಸಬಹುದು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಪರೀಕ್ಷೆಗಳೂ ಔಷಧಗಳೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ಪಡೆಯಬೇಕು, ಕೇಳದೆ ಯಾರೂ ಮನೆಗೆ ತಂದುಕೊಡುವುದಿಲ್ಲ.

ಎರಡನೆಯ ಗುರುತು ಎಲ್ಲರಿಗೂ ಗೊತ್ತಿರುವ ಪ್ಲೇಟ್‌ಲೆಟ್. ಡೆಂಗಿ ಬಂದಾಗ ಊರಿಗೂರೇ ಅದರ ಲೆಕ್ಕ ಇಡುತ್ತದೆ. ಜ್ವರವಿಲ್ಲದೆ, ವರ್ಷಗಟ್ಟಲೆ, ಮೆಲ್ಲಗೆ ಒಂದು ಲಕ್ಷದ ಆಸುಪಾಸಿಗೆ ಇಳಿದ ಪ್ಲೇಟ್‌ಲೆಟ್ಟನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಲಿವರು ಗಟ್ಟಿಯಾದಾಗ ಕರುಳಿನಿಂದ ಬರುವ ರಕ್ತ ಅದರೊಳಗೆ ಸಲೀಸಾಗಿ ಹರಿಯದೆ ಹಿಂದಕ್ಕೆ ಒತ್ತುತ್ತದೆ, ಗುಲ್ಮ ಊದುತ್ತದೆ, ಊದಿದ ಗುಲ್ಮ ಪ್ಲೇಟ್‌ಲೆಟ್ಟುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನೇ ಬಳಸಿ ಫಿಬ್-4 ಎಂಬ ಲೆಕ್ಕವೊಂದಿದೆ. ವಯಸ್ಸನ್ನು ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವದ ಅಂಕಿಯಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ (ಸಾವಿರದ ಲೆಕ್ಕದಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ವಯಸ್ಸು 50, ಎಸ್‌ಜಿಒಟಿ 60, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ ಒಂದು ಲಕ್ಷ ಎಂದರೆ ಮೂರು ಸಾವಿರವನ್ನು ಆರುನೂರರಿಂದ ಭಾಗಿಸಿ 5 ಬರುತ್ತದೆ. 1.3ರ ಕೆಳಗಿದ್ದರೆ ಲಿವರು ಗಟ್ಟಿಯಾಗಿರುವ ಸಂಭವ ಕಡಿಮೆ. 2.67 ದಾಟಿದರೆ ತಜ್ಞರಿಗೆ ತೋರಿಸಲೇಬೇಕು. ನಮ್ಮ ಉದಾಹರಣೆಯ ಮನುಷ್ಯ ಅದರ ಎರಡು ಪಟ್ಟಿನ ಹತ್ತಿರ ಇದ್ದಾನೆ. ಅವನ ರಿಪೋರ್ಟಿನಲ್ಲಿ ಎಸ್‌ಜಿಪಿಟಿಯ ಮುಂದೆ ‘ಎಚ್’ ಕೂಡ ಬಿದ್ದಿರುವುದಿಲ್ಲ, ಗಮನಿಸಿ. ಹೊಸ ಯಂತ್ರ ಬೇಡ, ಹೊಸ ಕೆಮಿಕಲ್ ಬೇಡ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮ ಮೊಬೈಲಿನಲ್ಲಿ ಮಾಡಬಹುದಾದ ಭಾಗಾಕಾರ ಇದು. ಯಾವ ಪ್ಯಾಕೇಜಿನ ಜಾಹೀರಾತಿನಲ್ಲೂ ಇದು ಕಾಣುವುದಿಲ್ಲ, ಮಾರುವುದಕ್ಕೆ ಇಲ್ಲಿ ಏನೂ ಇಲ್ಲವಲ್ಲ.

ನಡುವೆ ಮುಗ್ಗಿದ ಕಾಳಿನ ಮಾತು. ಶೇಂಗಾ, ಗೋವಿನಜೋಳದ ಮೇಲೆ ಬೆಳೆಯುವ ಒಂದು ಬಗೆಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಲಿವರ್ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಸಂಶಯವಿಲ್ಲ, ಹೆಪಟೈಟಿಸ್ ಬಿ ಇದ್ದವರಲ್ಲಂತೂ ಎರಡೂ ಸೇರಿ ಅಪಾಯ ಹಲವು ಪಟ್ಟು. ಹಿಂದೆ ನಮ್ಮವರು ಹಗೇವಿನಲ್ಲಿ ಜೋಳ ತುಂಬುವ ಮುಂಚೆ ಚೆನ್ನಾಗಿ ಒಣಗಿಸುತ್ತಿದ್ದರು, ನೀರಿಳಿದ ಹಗೇವಿನ ಮುಗ್ಗಲು ಕಾಳನ್ನು ಬೇರೆ ಮಾಡುತ್ತಿದ್ದರು. ಈಗ ಬೂಸ್ಟು ಹಿಡಿದ ಶೇಂಗಾ ಚಟ್ನಿಪುಡಿಯ ಖಾರದಲ್ಲಿ ಮರೆಯಾಗಿ ಹೋಗುತ್ತದೆ. ಹುರಿದರೂ ಆ ವಿಷ ಪೂರ್ತಿ ಸಾಯುವುದಿಲ್ಲ. ಕಹಿ ಹತ್ತಿದ ಶೇಂಗಾ ಉಗುಳಿಬಿಡಿ, ಇಷ್ಟು ಸಾಕು.

ಹಾಗಾದರೆ ಎಎಫ್‌ಪಿ ಯಾರಿಗೆ? ಸಿರೋಸಿಸ್ ಆದವರಿಗೆ, ಕಾರಣ ಯಾವುದೇ ಇರಲಿ. ಹೆಪಟೈಟಿಸ್ ಬಿ ಇದ್ದು ವಯಸ್ಸಾದವರಿಗೆ, ಅಥವಾ ಮನೆತನದಲ್ಲಿ ಲಿವರ್ ಕ್ಯಾನ್ಸರ್ ಆಗಿದ್ದವರಿಗೆ. ಅವರಿಗೂ ಎಎಫ್‌ಪಿ ಒಂದೇ ಅಲ್ಲ, ಸೋನೋಗ್ರಫಿಯ ಜೊತೆಗೆ, ಆರು ತಿಂಗಳಿಗೊಮ್ಮೆ. ಆರೇ ತಿಂಗಳು ಯಾಕೆಂದರೆ ಲಿವರಿನ ಗಡ್ಡೆ ತನ್ನ ಗಾತ್ರವನ್ನು ದುಪ್ಪಟ್ಟು ಮಾಡಿಕೊಳ್ಳಲು ಸರಾಸರಿ ನಾಲ್ಕಾರು ತಿಂಗಳು ಹಿಡಿಯುತ್ತದೆ. ಸೋನೋಗ್ರಫಿ ಮತ್ತು ರಕ್ತ ಎರಡೂ ಯಾಕೆಂದರೆ ಒಂದರ ಕಣ್ಣಿಗೆ ಬೀಳದ್ದು ಇನ್ನೊಂದಕ್ಕೆ ಸಿಗುತ್ತದೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಸಿರೋಸಿಸ್ ಇದ್ದವರಲ್ಲಿ ಆರಂಭದ ಹಂತದ ಗಡ್ಡೆಯನ್ನು ಸೋನೋಗ್ರಫಿ ಒಂದೇ ಹಿಡಿದದ್ದು ಶೇ. 45ರಷ್ಟು, ಎಎಫ್‌ಪಿ ಸೇರಿದಾಗ ಶೇ. 63ರಷ್ಟು. ದಪ್ಪ ಮೈಯವರಲ್ಲಿ ಸೋನೋಗ್ರಫಿಯ ಕಣ್ಣು ಇನ್ನೂ ಮಬ್ಬು. ಚೀನಾದ ಶಾಂಘೈನಲ್ಲಿ ಹೆಪಟೈಟಿಸ್ ಬಿ ಸೋಂಕಿನ ಹಿನ್ನೆಲೆಯಿದ್ದ ಸುಮಾರು 18,800 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಆರು ತಿಂಗಳ ತಪಾಸಣೆ ಮಾಡಿದರು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಲಿವರ್ ಕ್ಯಾನ್ಸರಿನ ಸಾವು ಶೇ. 37ರಷ್ಟು ಕಡಿಮೆಯಾಗಿತ್ತು. ಕರೆದಾಗೆಲ್ಲ ಬಂದವರು ನೂರಕ್ಕೆ ಅರವತ್ತೂ ಇರಲಿಲ್ಲ, ಆದರೂ ಇಷ್ಟು.

ಬರುವುದೇ ಕಷ್ಟ. ನೋವಿಲ್ಲದವನು ಆರು ತಿಂಗಳಿಗೊಮ್ಮೆ ಕೂಲಿ ಬಿಟ್ಟು ವಿಜಯಪುರದ ಬಸ್ಸು ಹತ್ತುವುದು ಎಂದರೆ ಹುಡುಗಾಟವಲ್ಲ. ನಮ್ಮ ದ್ರಾಕ್ಷಿಯವರಿಗೆ ನಾನೊಂದು ಗುರುತು ಹೇಳುತ್ತೇನೆ. ಬಳ್ಳಿಗೆ ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಸವರುವಿಕೆ), ಅಕ್ಟೋಬರ್‌ನಲ್ಲಿ ಒಂದು ಚಾಟ್ನಿ, ನಡುವೆ ಸರಿಯಾಗಿ ಆರು ತಿಂಗಳು. ಚಾಟ್ನಿ ಮುಗಿದ ವಾರವೇ ಸೋನೋಗ್ರಫಿ, ಎಎಫ್‌ಪಿ. ಬಳ್ಳಿಯ ತಾರೀಖು ಮರೆಯದ ರೈತ ಇದನ್ನೂ ಮರೆಯುವುದಿಲ್ಲ ಎಂಬ ಆಸೆ ನನ್ನದು. ಜೋಳದವರು ತಮಗೆ ತಕ್ಕ ಗುರುತು ಹುಡುಕಿಕೊಳ್ಳಲಿ.

ಇಂಥವರಲ್ಲಿ ಎಎಫ್‌ಪಿ 20 ದಾಟಿದರೆ, ಅಥವಾ ಸೋನೋಗ್ರಫಿಯಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡ ಗಂಟು ಕಂಡರೆ, ಮುಂದಿನದು ಮೂರು ಹಂತದ ಸಿಟಿ ಅಥವಾ ಎಂಆರ್‌ಐ. ಆರೋಗ್ಯವಂತ ಲಿವರು ತನ್ನ ರಕ್ತದ ಬಹುಪಾಲನ್ನು ಕರುಳಿನಿಂದ ಬರುವ ಅಭಿಧಮನಿಯಿಂದ ಪಡೆಯುತ್ತದೆ, ಕ್ಯಾನ್ಸರ್ ಗಡ್ಡೆ ಮಾತ್ರ ಅಪಧಮನಿಯಿಂದ ಹೀರುತ್ತದೆ. ಆದ್ದರಿಂದ ಬಣ್ಣದ ಔಷಧ ಚುಚ್ಚಿದ ಮೊದಲ ಕ್ಷಣಗಳಲ್ಲಿ ಗಡ್ಡೆ ಬೆಳಗುತ್ತದೆ, ಉಳಿದ ಲಿವರು ಬೆಳಗುವ ಹೊತ್ತಿಗೆ ಗಡ್ಡೆ ಮಂಕಾಗುತ್ತದೆ. ಸಿರೋಸಿಸ್ ಇದ್ದವರಲ್ಲಿ ಈ ಚಿತ್ರ ಸ್ಪಷ್ಟವಾಗಿ ಬಂದರೆ ಸೂಜಿ ಹಾಕಿ ತುಣುಕು ತೆಗೆಯುವ ಬಯಾಪ್ಸಿಯೂ ಬಹಳ ಸಲ ಬೇಕಿಲ್ಲ. ಚಿಕ್ಕದಿದ್ದರೆ ಕತ್ತರಿಸಿ ತೆಗೆಯಬಹುದು, ಸೂಜಿ ತೂರಿಸಿ ಸುಡಬಹುದು. 5 ಸೆಂಟಿಮೀಟರ್ ಮೀರದ ಒಂದೇ ಗಡ್ಡೆ, ಇಲ್ಲವೇ 3 ಸೆಂಟಿಮೀಟರ್ ಮೀರದ ಮೂರರವರೆಗಿನ ಗಡ್ಡೆಗಳಿದ್ದರೆ ಲಿವರ್ ಕಸಿಯಿಂದಲೂ ಒಳ್ಳೆಯ ಫಲ ಸಿಗುತ್ತದೆ ಎಂದು ಮಿಲಾನಿನ ವೈದ್ಯರು 1996ರಲ್ಲೇ ತೋರಿಸಿದರು. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ತೂಕ ಇಳಿದ ಮೇಲೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಹೋದವರಿಗೆ ಈ ಯಾವ ದಾರಿಯೂ ಉಳಿದಿರುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಸುಮಾರು 8.66 ಲಕ್ಷ ಜನರಿಗೆ ಹೊಸದಾಗಿ ಲಿವರ್ ಕ್ಯಾನ್ಸರ್ ಬಂತು, ಅದೇ ವರ್ಷ 7.58 ಲಕ್ಷ ಜನ ಅದರಿಂದ ಸತ್ತರು. ಎರಡು ಸಂಖ್ಯೆಗಳು ಇಷ್ಟು ಹತ್ತಿರ ಇರುವುದಕ್ಕೆ ಮುಖ್ಯ ಕಾರಣ ತಡ.

ಎಎಫ್‌ಪಿಗಿಂತ ಚುರುಕಾದ ಗುರುತುಗಳ ಹುಡುಕಾಟ ನಿಂತಿಲ್ಲ. ಎಎಫ್‌ಪಿಯದೇ ಒಂದು ರೂಪವಾದ ಎಲ್3 ಇದೆ, ಅದು ಉರಿಯೂತಕ್ಕಿಂತ ಕ್ಯಾನ್ಸರಿಗೆ ಹೆಚ್ಚು ನಿಷ್ಠ. ಪಿವ್ಕಾ-2 ಇದೆ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನನ್ನು ಗಡ್ಡೆ ಅರೆಬರೆಯಾಗಿ ತಯಾರಿಸಿದಾಗ ಸಿಗುವ ಸರಕು. ವಾರ್ಫರಿನ್ ಗುಳಿಗೆ ತಿನ್ನುವ ಹೃದಯ ರೋಗಿಗಳಲ್ಲಿ ಅದು ಸುಮ್ಮನೆಯೂ ಏರಿರುತ್ತದೆ, ಹೇಳದಿದ್ದರೆ ಮತ್ತೊಂದು ಸುಳ್ಳು ‘ಎಚ್’. ಈ ಮೂರಕ್ಕೆ ವಯಸ್ಸು ಮತ್ತು ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಲೆಕ್ಕ ಹಾಕುವ ಗಲಾಡ್ ಎಂಬ ಅಂಕವಿದೆ. ಜಪಾನಿನಲ್ಲಿ ಅಪಾಯವಿರುವ ರೋಗಿಗಳನ್ನು ಸೋನೋಗ್ರಫಿಯ ಜೊತೆಗೆ ಈ ಗುರುತುಗಳಿಂದಲೂ ನಿಯಮಿತವಾಗಿ ನೋಡುತ್ತಾರೆ, ಅಲ್ಲಿ ಬಹಳಷ್ಟು ಗಡ್ಡೆಗಳು ಚಿಕ್ಕದಿರುವಾಗಲೇ ಸಿಗುತ್ತವೆ. ನನ್ನ ಗಮನ ಸೆಳೆಯುವುದು ಗುರುತುಗಳ ಹೆಸರಲ್ಲ, ಅವರು ಮೊದಲು ರೋಗಿಗಳ ಪಟ್ಟಿ ಮಾಡಿಕೊಂಡರು ಎಂಬುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುದ್ದಿಯನ್ನು 2025ರಲ್ಲಿ ಓದಿದವರೂ ನನ್ನನ್ನು ಕೇಳಿದ್ದಾರೆ. ಅಲ್ಲಿನ ಸಾವಯವ ರಸಾಯನಶಾಸ್ತ್ರ ವಿಭಾಗದ ಪ್ರಾಧ್ಯಾಪಕ ಉದಯ್ ಮೈತ್ರಾ ಅವರ ತಂಡ, ಲಿವರ್ ಕ್ಯಾನ್ಸರಿನಲ್ಲಿ ಏರುವ ಬೀಟಾ ಗ್ಲುಕುರೊನಿಡೇಸ್ ಎಂಬ ಕಿಣ್ವವನ್ನು ಕಾಗದದ ಬಿಲ್ಲೆಯ ಮೇಲೆ ಪತ್ತೆ ಮಾಡುವ ವಿಧಾನ ಕಟ್ಟಿದೆ. ರಸಾಯನವನ್ನು ಮೆಚ್ಚಲೇಬೇಕು. ಟೆರ್ಬಿಯಂ ಎಂಬ ಅಪರೂಪದ ಲೋಹವನ್ನು ಪಿತ್ತಲವಣದ ಲೋಳೆಯಲ್ಲಿ ಹುದುಗಿಸುತ್ತಾರೆ. ಲಿವರಿನ ರೋಗ ಹುಡುಕಲು ಲಿವರೇ ಸುರಿಸುವ ಪಿತ್ತದ ಲವಣ, ಎಂಥ ಸೊಗಸು ನೋಡಿ. ಟೆರ್ಬಿಯಂ ಹಸಿರಾಗಿ ಹೊಳೆಯಬಲ್ಲದು, ಆದರೆ ನೇರಳಾತೀತ ಬೆಳಕನ್ನು ಹಿಡಿದು ಅದಕ್ಕೆ ದಾಟಿಸುವ ಸಹಾಯಕ ಅಣುವೊಂದು ಬೇಕು. ಆ ಸಹಾಯಕನ ಮೇಲೆ ಗ್ಲುಕುರೊನಿಕ್ ಆಮ್ಲದ ಮುಸುಕು ಹಾಕಿಟ್ಟಿರುತ್ತಾರೆ. ಈ ಆಮ್ಲವನ್ನು ಕತ್ತರಿಸುವುದೇ ನಮ್ಮ ಕಿಣ್ವದ ಕಸುಬು. ಮಾದರಿಯಲ್ಲಿ ಕಿಣ್ವವಿದ್ದರೆ ಮುಸುಕು ಬೀಳುತ್ತದೆ, ನೇರಳಾತೀತ ದೀಪದಡಿ ಬಿಲ್ಲೆ ಹಸಿರಾಗುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರವಿಲ್ಲದ ಕಡೆಗೂ ಒಯ್ಯಬಹುದಾದ ಸರಳತೆ ಇದರದು. ಬಬಲೇಶ್ವರದ ಆರೋಗ್ಯ ಕೇಂದ್ರದಲ್ಲಿ ಇಂಥ ಬಿಲ್ಲೆ ಹೊಳೆಯುವುದನ್ನು ನೋಡುವ ಆಸೆ ನನಗೂ ಇದೆ. ಆದರೆ ಇದು ಪ್ರಯೋಗಾಲಯದ ಹಂತದ ಕೆಲಸ. ಈ ಕಿಣ್ವ ಬೇರೆ ರೋಗಗಳಲ್ಲೂ ಏರುವಂಥದ್ದು. ನಾಳೆ ಅದು ಅಂಗಡಿಗೆ ಬಂದರೂ ಯಾರ ರಕ್ತ ಹಾಕಬೇಕು, ಹೊಳೆದ ಮೇಲೆ ಅವರನ್ನು ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆಗಳಿಗೆ ಬಿಲ್ಲೆಯಲ್ಲಿ ಉತ್ತರವಿಲ್ಲ.

ಶಿಬಿರ ನಡೆಸುವ ಸಂಘಗಳಿಗೆ, ಮಠಗಳಿಗೆ, ಜನಪ್ರತಿನಿಧಿಗಳಿಗೆ ನನ್ನದೊಂದು ಬೇಡಿಕೆ. ಊರಿಗೆ ಲ್ಯಾಬಿನವರನ್ನು ಕರೆಸುವಾಗ ‘ಕ್ಯಾನ್ಸರ್ ಮಾರ್ಕರ್’ ಸಾಲನ್ನು ಹೊಡೆದುಹಾಕಿಸಿ, ಆ ಹಣದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಪಟ್ಟಿಗಳನ್ನು ತರಿಸಿ. ಪಾಸಿಟಿವ್ ಬಂದವರ ಹೆಸರನ್ನು ಮೈಕಿನಲ್ಲಿ ಕೂಗಬೇಡಿ. ಈ ವೈರಸ್ಸು ಒಂದೇ ಗಂಗಾಳದಲ್ಲಿ ಉಂಡರೆ, ಕೈ ಹಿಡಿದರೆ ಅಂಟುವುದಿಲ್ಲ. ಒಬ್ಬರಲ್ಲಿ ಬಿ ಸಿಕ್ಕರೆ ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಬೇಕು, ಇಲ್ಲದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಬೇಕು. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಈ ಲಸಿಕೆ ಆರಂಭಿಸಿತು. ಹದಿಮೂರು ವರ್ಷದ ಬಳಿಕ ಬಂದ ವರದಿಯಲ್ಲಿ ಅಲ್ಲಿನ ಮಕ್ಕಳ ಲಿವರ್ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲೂ ಅದು ಇದೆ, ಮೊದಲ ಡೋಸು ಹುಟ್ಟಿದ 24 ಗಂಟೆಯೊಳಗೆ. ಹೆರಿಗೆ ಎಲ್ಲೇ ಆಗಲಿ, ಖಾಸಗಿಯೋ ಸರ್ಕಾರಿಯೋ, ತಾಯಿ ಕಾರ್ಡಿನಲ್ಲಿ ಆ ಮೊದಲ ದಿನದ ತಾರೀಖು ಬರೆಸಿಕೊಂಡೇ ಮನೆಗೆ ಬನ್ನಿ.